ಟಿಪ್ಪಣಿಗಳ ಹೊಲದಲ್ಲಿ ಒಂದು ಮುಯ್ಯಾಳು

ಮಾರ್ಗಶಿರದ ಚಳಿ. ಅಜ್ಜಂಪುರದಿಂದ ಶಿವನಿ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ರಾಗಿ ಮಾಗಿ ಕಂದು ಬಣ್ಣಕ್ಕೆ ತಿರುಗಿದೆ. ಬಿಸಿಲೇರಿದರೆ ಕಾಳು ಉದುರುತ್ತದೆ, ಇಬ್ಬನಿ ಆರುವುದರೊಳಗೆ ಕೊಯ್ಲು ಆಗಬೇಕು. ಹಾಗಾಗಿ ಎದುರಿನವರ ಮುಖ ಸರಿಯಾಗಿ ಕಾಣುವ ಮೊದಲೇ ಹೆಂಗಸರು ಸೆರಗು ಬಿಗಿದು ಈರಣ್ಣನ ಹೊಲದಲ್ಲಿ ಸಾಲು ಹಿಡಿದಿದ್ದಾರೆ. ಕುಡುಗೋಲಿನ ಸರಸರ ಸದ್ದು ರಸ್ತೆಯವರೆಗೂ ಕೇಳುತ್ತದೆ.

ಇವರು ಕೂಲಿಗೆ ಬಂದವರಲ್ಲ, ಮುಯ್ಯಾಳುಗಳು. ಇವತ್ತು ಇವರು ಈರಣ್ಣನ ಹೊಲಕ್ಕೆ ಬಂದರೆ ನಾಳೆ ನಾಡಿದ್ದು ಈರಣ್ಣನ ಮನೆಯವರು ಇವರ ಹೊಲಕ್ಕೆ ಹೋಗಬೇಕು. ಆಳಿಗೆ ಆಳು, ದಿನಕ್ಕೆ ದಿನ. ಬದುವಿನ ಮೇಲೆ ನಿಂತ ಈರಣ್ಣ, "ಬುಡಕ್ಕೇ ಕುಯ್ರವ್ವ, ನನಗೆ ಹುಲ್ಲು ಬೇಕು" ಎನ್ನುತ್ತಾನೆ. ಅಷ್ಟು ಬಗ್ಗಿ ಕೊಯ್ದರೆ ಸೊಂಟ ಹೋಗುತ್ತದೆ. ಆದರೂ ಯಲ್ಲಮ್ಮ, "ನಿನ್ನ ಹೊಲ, ನಿನ್ನ ಮಾತು ಕಣಪ್ಪ" ಎಂದು ಇನ್ನೊಂದು ಗೇಣು ಬಗ್ಗುತ್ತಾರೆ. ಮುಯ್ಯಾಳಿನಲ್ಲಿ ಅದೇ ಕಟ್ಟಳೆ. ಹೊಲದವರು ಹೇಳಿದಂತೆ ಕೊಯ್ದರೆ ಮಾತ್ರ ಮುಯ್ಯಿ ತೀರಿದ ಲೆಕ್ಕ.

ಹೊಲದ ಅಂಚಿಗೇ ಯಲ್ಲಮ್ಮನ ಮನೆ. ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಅವರ ಸೊಸೆ ಪ್ರಿಯಾಂಕಾ ಕಂಬಳಿ ಹೊದ್ದು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾರೆ. ಮನೆಯಲ್ಲಿ ಸಿಗ್ನಲ್ ಸಿಗುವ ಜಾಗ ಅದೊಂದೇ.

"ನೋಡ್ರೇ, ನಾವಿಲ್ಲಿ ಸೊಂಟ ಮುರ್ಕೊತಾ ಇದ್ರೆ ನನ್ನ ಸೊಸೆ ಮೆಟ್ಲ ಮ್ಯಾಲೆ ಕೂತು ಪದ ಕುಯ್ತಾವಳೆ" ಎನ್ನುತ್ತಾರೆ ಯಲ್ಲಮ್ಮ, ಸೊಸೆಗೆ ಕೇಳಲಿ ಅಂತಲೇ.

"ಅದ್ರಾಗೆ ಹುಲ್ಲಾದ್ರೂ ಸಿಗ್ತೈತಾ ಯಲ್ಲಕ್ಕ?" ಸಾಲಿನಿಂದ ಯಾರೋ ಕೇಳುತ್ತಾರೆ. ನಗು ಹೊಲದ ಈ ತುದಿಯಿಂದ ಆ ತುದಿಗೆ ಹೋಗುತ್ತದೆ.

ಪ್ರಿಯಾಂಕಾ ಪರದೆಯಿಂದ ಕಣ್ಣು ತೆಗೆಯದೆ, "ಹುಲ್ಲು ಸಿಗಲ್ಲ ಅತ್ತೆ, ಬರೀ ಕಳೆ" ಎನ್ನುತ್ತಾರೆ.

ಅವರ ಕೆಲಸವನ್ನು ಸರಳವಾಗಿ ಹೇಳುವುದಾದರೆ ಇಷ್ಟು. ಮಕ್ಕಳು ಕನ್ನಡದಲ್ಲೇ ಕಂಪ್ಯೂಟರಿಗೆ ಕೆಲಸ ಹೇಳಲೆಂದು ಕೆಲವು ಮೇಷ್ಟ್ರುಗಳು, ಎಂಜಿನಿಯರುಗಳು ಸೇರಿ ಬಿಡುವಿನ ವೇಳೆಯಲ್ಲಿ ಒಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದಾರೆ. ಹೆಸರು ‘ಬುಗುರಿ’. ಸುತ್ತಲಿನ ಕೆಲವು ಹೈಸ್ಕೂಲುಗಳಲ್ಲಿ ಅದನ್ನು ಕಲಿಸುತ್ತಾರೆ. ಅದಕ್ಕೊಂದು ದಪ್ಪ ಕೈಪಿಡಿ ಇದೆ. ಕೋಡಿನ ಸಾಲುಗಳ ನಡುನಡುವೆ ‘ಈ ಸಾಲು ಏನು ಮಾಡುತ್ತದೆ, ಯಾಕೆ ಬೇಕು’ ಎಂದು ವಿವರಿಸುವ ಟಿಪ್ಪಣಿಗಳಿವೆ. ಕಂಪ್ಯೂಟರ್ ಆ ಟಿಪ್ಪಣಿಗಳನ್ನು ಓದುವುದೇ ಇಲ್ಲ, ದಾಟಿಕೊಂಡು ಹೋಗುತ್ತದೆ. ಅವು ಇರುವುದು ಮನುಷ್ಯರಿಗಾಗಿ.

ಬರೆಯುವವರು ಹಲವರು, ಹಲವು ಊರಿನವರು. ಒಬ್ಬರು ‘ಪಟ್ಟಿ’ ಎಂದಿದ್ದನ್ನು ಇನ್ನೊಬ್ಬರು ‘ಸರಣಿ’ ಎಂದಿರುತ್ತಾರೆ. ಒಬ್ಬರ ‘ದೋಷ’ ಇನ್ನೊಬ್ಬರಿಗೆ ‘ತಪ್ಪು’, ಮತ್ತೊಬ್ಬರಿಗೆ ‘ಎರರ್’. ಯಾವ ಪದವೂ ಕೆಟ್ಟದ್ದಲ್ಲ. ಆದರೆ ಕಲಿಯುವ ಮಗುವಿಗೆ ಮೂರು ಹೆಸರು ಕಂಡರೆ ಮೂರು ವಸ್ತು ಇವೆ ಅನ್ನಿಸುತ್ತದೆ. ಇಡೀ ಕೈಪಿಡಿಯಲ್ಲಿ, ಎಲ್ಲ ಟಿಪ್ಪಣಿಗಳಲ್ಲಿ ಒಂದು ವಸ್ತುವಿಗೆ ಒಂದೇ ಹೆಸರು ಇರುವಂತೆ ನೋಡಿಕೊಳ್ಳುವುದು ಪ್ರಿಯಾಂಕಾ ಅವರ ಪಾಲಿನ ಕೆಲಸ. ಕತೆ ಬರೆಯುವವರು ಅದೇ ಪದ ಮತ್ತೆ ಮತ್ತೆ ಬಾರದಂತೆ ಎಚ್ಚರ ವಹಿಸುತ್ತಾರಂತೆ. ಇವರದು ಅದೇ ಪದ ಮತ್ತೆ ಮತ್ತೆ ಬರುವಂತೆ ಮಾಡುವ ಎಚ್ಚರ.

"ಕೋಡ್ ತಪ್ಪಾದ್ರೆ ಕಂಪ್ಯೂಟರ್ರೇ ಬಯ್ತೈತೆ" ಎನ್ನುತ್ತಾರೆ ಪ್ರಿಯಾಂಕಾ. "ಟಿಪ್ಪಣೀಲಿ ಪದ ಏರುಪೇರಾದ್ರೆ ಯಾರೂ ಬಯ್ಯಲ್ಲ. ಓದೋ ಹುಡುಗ್ರು ಸುಮ್ಕಾಗ್ತಾರೆ, ಅಷ್ಟೆ. ಅವರು ಸುಮ್ಕಾಗಿದ್ದು ನಮಗೆ ಗೊತ್ತೂ ಆಗಲ್ಲ."

ಮೊದಲ ವರ್ಷ ಆತುರಕ್ಕೆ ಬಿದ್ದು ಒಮ್ಮೆ ಇಡೀ ಕಡತದಲ್ಲಿ ‘ಸಾಲು’ ಎಂದಿದ್ದನ್ನೆಲ್ಲ ಒಂದೇ ಏಟಿಗೆ ‘ಪಂಕ್ತಿ’ ಎಂದು ಬದಲಾಯಿಸಿದ್ದರು. ಟಿಪ್ಪಣಿಗಳ ಜೊತೆಗೆ ಅಭ್ಯಾಸದ ಲೆಕ್ಕಗಳ ಉತ್ತರಗಳೂ ಬದಲಾಗಿಬಿಟ್ಟವು. ಮಕ್ಕಳು ಸರಿಯಾಗಿಯೇ ‘ರಾಗಿ ಸಾಲು’ ಎಂದು ಬರೆದರೆ ಕಂಪ್ಯೂಟರ್ ತಪ್ಪು ಎಂದಿತು. ಒಂದು ತರಗತಿಗೆ ತರಗತಿಯೇ ಅವತ್ತು ಫೇಲು. ಅಲ್ಲಿಂದಾಚೆ ಅವರು ಯಂತ್ರದ ಕೈಗೆ ಈ ಕೆಲಸ ಕೊಟ್ಟಿಲ್ಲ. ಕೈಪಿಡಿಯ ಇಪ್ಪತ್ತು ಪುಟ ಓದುವಷ್ಟರಲ್ಲಿ ಬೆಳಗಿನ ಹೊತ್ತು ಮುಗಿಯುತ್ತದೆ. ಟಿಪ್ಪಣಿಗಳಾದರೆ ಇನ್ನೂ ನಿಧಾನ. ಒಂದೊಂದು ಸಾಲನ್ನೂ ಬಾಯಲ್ಲಿ ಗುನುಗಿಕೊಂಡು ಓದುತ್ತಾರೆ.

ಪ್ರಿಯಾಂಕಾ ಹುಟ್ಟಿದ್ದು ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿ ಮಗ್ಗುಲಿನ ಹಟ್ಟಿಯಲ್ಲಿ. ತಂದೆ ಬೀರಯ್ಯ ಹುಲ್ಲುಗಾವಲಿನ ಅಂಚಿನಲ್ಲಿ ಕುರಿ ಮೇಯಿಸುತ್ತಿದ್ದವರು, ಈಗಲೂ ಒಂದಷ್ಟು ಕುರಿ ಇಟ್ಟುಕೊಂಡಿದ್ದಾರೆ. ಪ್ರಿಯಾಂಕಾ ಕಡೂರಿಗೆ ಬಸ್ಸಿನಲ್ಲಿ ಹೋಗಿಬಂದು ಬಿಸಿಎ ಓದಿದರು. ಅಲ್ಲಿ ಪಟ್ಟ ಪಾಡು ನೆನೆದರೆ ಅವರಿಗೆ ಈಗ ನಗು ಬರುತ್ತದೆ. "ಒಂದು ಪುಸ್ತಕದಾಗೆ ಫಂಕ್ಷನ್ ಅಂತಿತ್ತು, ಇನ್ನೊಂದ್ರಾಗೆ ಮೆಥಡ್ ಅಂತಿತ್ತು, ಮೇಷ್ಟ್ರು ಬಾಯಲ್ಲಿ ಪ್ರೊಸೀಜರ್ ಅನ್ನೋರು. ನಾನು ಮೂರು ಬ್ಯಾರೆ ಬ್ಯಾರೆ ಅಂತ ಮೂರನ್ನೂ ಉರು ಹೊಡ್ದೆ. ಪರೀಕ್ಷೇಲಿ ಮೂರಕ್ಕೂ ವ್ಯತ್ಯಾಸ ಬೇರೆ ಬರ್ದಿದ್ದೆ, ನನ್ನ ತಲೆಗೆ ತೋಚಿದ್ದು."

ಮದುವೆಯಾಗಿ ಅಜ್ಜಂಪುರದ ಕಡೆ ಬಂದರು. ಗಂಡ ಶಶಿಧರ ಬೇಸಾಯದ ಜೊತೆಗೆ ಗೂಡ್ಸ್ ಆಟೊದಲ್ಲಿ ಈರುಳ್ಳಿ ಸಾಗಿಸುತ್ತಾರೆ. ಹೆಂಡತಿಯ ಕೆಲಸದ ಬಗ್ಗೆ ಕೇಳಿದರೆ ಅವರದೊಂದು ದೂರಿದೆ. "ಮನೇಲಿ ಒಂದು ಸಾಮಾನಿಗೆ ಎರಡು ಹೆಸರು ಹೇಳಂಗಿಲ್ಲ ಕಣ್ರೀ. ನಿನ್ನೆ ಚೊಂಬು ಅಂದು ಇವತ್ತು ತಂಬಿಗೆ ಅಂದ್ರೆ, ಯಾವ್ದು ಅಂತ ನಿಂತ್ಕೊಂಡು ಕೇಳ್ತಾಳೆ."

ವಾರಕ್ಕೆರಡು ದಿನ ಪ್ರಿಯಾಂಕಾ ಹತ್ತಿರದ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾರೆ. ಹೋದ ವರ್ಷ ಅಲ್ಲಿ ಒಂಬತ್ತನೇ ತರಗತಿಯಲ್ಲಿ ಗಗನಾ ಎಂಬ ಹುಡುಗಿ ಇದ್ದಳು. ಉಳಿದವರು ಹೇಳಿದ ಪಾಠ ಮಾಡಿ ಮುಗಿಸಿದರೆ ಈಕೆಗೆ ಒಳಗೇನಿದೆ ಎಂದು ನೋಡುವ ಚಪಲ. ಬುಗುರಿಯ ಹೊಟ್ಟೆಯೊಳಗಿನ ಹಳೆಯ ಕೋಡು ತೆಗೆದು ಟಿಪ್ಪಣಿ ಓದಲು ಕೂತಳು. ಒಂದೇ ಕೆಲಸವನ್ನು ಕಂಪ್ಯೂಟರ್ ಮತ್ತೆ ಮತ್ತೆ ಮಾಡುವುದಕ್ಕೆ ಕೈಪಿಡಿಯಲ್ಲಿ ‘ಸುತ್ತು’ ಎನ್ನುತ್ತಾರೆ. ಒಳಗಿನ ಟಿಪ್ಪಣಿಗಳಲ್ಲಿ ಅದೇ ಕೆಲಸಕ್ಕೆ ‘ಆವರ್ತ’ ಎಂದಿತ್ತು.

"ಮಿಸ್, ಸುತ್ತು ಬಂತು. ಆವರ್ತ ಯಾವ ಪಾಠದಾಗೈತೆ?" ಎಂದು ಗಗನಾ ಕೇಳಿದಳು. ಎರಡೂ ಒಂದೇ ಎಂದು ಪ್ರಿಯಾಂಕಾ ಹೇಳಿದಾಗ ಹುಡುಗಿ ತನ್ನ ನೋಟ್‌ಬುಕ್ ತಿರುವಿ ನೋಡಿದಳು. ಆಮೇಲೆ, "ಹಂಗಾರೆ ಒಂದು ವಾರದಿಂದ ನಾನೇನ್ ಹುಡುಕ್ತಿದ್ದೆ ಮಿಸ್?" ಎಂದಳು. ಮುಂದಿನ ವಾರದಿಂದ ಲ್ಯಾಬಿಗೆ ಬರುವುದು ಬಿಟ್ಟು ಖೋಖೋ ಆಡುವವರ ಜೊತೆ ಸೇರಿಕೊಂಡಳು. "ಖೋಖೋ ಆಡೋದು ತಪ್ಪಲ್ಲ" ಎನ್ನುತ್ತಾರೆ ಪ್ರಿಯಾಂಕಾ. "ಆದ್ರೆ ಅವಳಾಗಿ ಹೋಗ್ಲಿಲ್ಲ. ನಾವು ಕಳ್ಸಿದ್ದು."

ಆ ಹಳೆಯ ಟಿಪ್ಪಣಿಗಳನ್ನು ಬರೆದವರು ಧನಪಾಲ್, ತರೀಕೆರೆಯಲ್ಲಿರುವ ನಿವೃತ್ತ ಪಾಲಿಟೆಕ್ನಿಕ್ ಮೇಷ್ಟ್ರು. ಬುಗುರಿಗೆ ಬುನಾದಿ ಹಾಕಿದವರಲ್ಲಿ ಒಬ್ಬರು. ಈ ಸಲದ ಹೊಸ ಆವೃತ್ತಿಯ ಜೊತೆ ಒಳಗಿನ ಕೋಡನ್ನೂ ಮಕ್ಕಳಿಗೆ ಕೊಡುವುದೆಂದು ತೀರ್ಮಾನವಾಗಿದೆ. ಶುಕ್ರವಾರ ಸಂಜೆಗೆ ಅದು ಶಾಲೆಗಳಿಗೆ ಹೋಗಬೇಕು. ತಮ್ಮ ಪಾಲಿನ ಟಿಪ್ಪಣಿಗಳನ್ನು ತಾವೇ ತಿದ್ದಿಕೊಡುತ್ತೇನೆ ಎಂದಿದ್ದ ಧನಪಾಲ್ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಪರದೆ ನೋಡುವಂತಿಲ್ಲ. ಭಾನುವಾರ ಸಂಜೆ ಅವರೇ ಪ್ರಿಯಾಂಕಾ ಅವರಿಗೆ ಫೋನ್ ಮಾಡಿದರು.

"ನನ್ನ ಪಾಲು ನೀನೇ ಮುಗ್ಸಿಬಿಡಮ್ಮ. ವಿವರಣೆ ಎಲ್ಲೆಲ್ಲಿ ತೆಳುವಾಗಿದೆಯೋ ತುಂಬು. ಆದ್ರೆ ಆವರ್ತ ಮಾತ್ರ ಮುಟ್ಟಬೇಡ. ಮುಯ್ಯಿ ಅಂದ್ಕೊ. ಹೊಲದೋರು ಹೇಳ್ದಂಗೆ ಕುಯ್ಬೇಕು, ಗೊತ್ತಲ್ಲ."

ಗೊತ್ತಿಲ್ಲದೆ ಏನು. ಮೂರು ವರ್ಷದ ಹಿಂದೆ ಪ್ರಿಯಾಂಕಾ ಅವರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಮಗುವನ್ನು ಶಿವಮೊಗ್ಗದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ವಾರಗಟ್ಟಲೆ ಲ್ಯಾಪ್‌ಟಾಪಿನ ಮುಖ ನೋಡಲಾಗಲಿಲ್ಲ. ಆಗ ಅವರ ಅಧ್ಯಾಯಗಳನ್ನೆಲ್ಲ ನೋಡಿ ಮುಗಿಸಿದವರು ಧನಪಾಲ್, ಯಾರೂ ಕೇಳದೆ. ಪ್ರಿಯಾಂಕಾ ಆರಿಸಿದ್ದ ಕೆಲವು ಪದಗಳು ಮೇಷ್ಟ್ರಿಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ, ಅದನ್ನು ಎಲ್ಲರೆದುರು ಹೇಳಿಯೂ ಇದ್ದರು. ಆದರೂ ಅವರ ಅಧ್ಯಾಯದಲ್ಲಿ ಒಂದೇ ಒಂದು ಪದ ಬದಲಾಯಿಸಿರಲಿಲ್ಲ. ‘ಸುತ್ತು’ ಇದ್ದಲ್ಲಿ ‘ಸುತ್ತು’ ಹಾಗೆಯೇ ಇತ್ತು.

ಅಂಥವರು ಈಗ ಕೇಳಿದ್ದಾರೆ. ಬೆಳಗಿನ ಮೆಟ್ಟಿಲ ಮೇಲೆ ಪ್ರಿಯಾಂಕಾ ನೋಡುತ್ತಿರುವುದು ಆ ಟಿಪ್ಪಣಿಗಳನ್ನೇ. ವಿವರಣೆಗಳೆಲ್ಲ ತುಂಬಿದ್ದಾಗಿದೆ. ಪ್ರತಿ ಪುಟದಲ್ಲೂ ‘ಆವರ್ತ’ ಹಾಗೆಯೇ ಇದೆ. ಒಂದು ಕಡೆ ‘ಆವರ್ತ, ಅಂದರೆ ಸುತ್ತು’ ಎಂದು ಬರೆದು ನೋಡಿದರು. ಎಲ್ಲ ಕಡೆ ಹಾಗೆ ಬರೆದರೆ ಟಿಪ್ಪಣಿಗಿಂತ ಟಿಪ್ಪಣಿಯ ಟಿಪ್ಪಣಿಯೇ ಉದ್ದವಾಗುತ್ತದೆ. ಅಳಿಸಿದರು. ಹಾಗೇ ಕಳಿಸಿದರೆ ಮೇಷ್ಟ್ರ ಮುಯ್ಯಿ ತೀರುತ್ತದೆ, ಒಳಗೆ ಇಣುಕುವ ಇನ್ನೊಬ್ಬ ಗಗನಾ ಹೊರಟುಹೋಗುತ್ತಾಳೆ. ಬದಲಾಯಿಸಿದರೆ ಮಾತು ತಪ್ಪಿದಂತೆ. ಕಡೆಯ ಮಾತು ಪ್ರಿಯಾಂಕಾ ಅವರದೇ ಎಂದು ತಂಡ ಹಿಂದೆಯೇ ಬಿಟ್ಟುಕೊಟ್ಟಿದೆ. ಕೇಳಲು ಬೇರೆ ಯಾರೂ ಇಲ್ಲ.

ಅವರು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕುತ್ತಾರೆ. ಮಗಳನ್ನು ಶಶಿಧರ ಅವರಿಗೆ ಒಪ್ಪಿಸಿ ತರೀಕೆರೆ ಬಸ್ಸು ಹಿಡಿಯುತ್ತಾರೆ.

ಧನಪಾಲ್ ಜಗುಲಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಾರೆ. ಹೆಜ್ಜೆ ಸದ್ದಿಗೇ, "ಬಂದ್ಯಾ? ಫೋನಲ್ಲಿ ಹೇಳೋಕಾಗದ್ದು ಏನೋ ಇರ್ಬೇಕು" ಎನ್ನುತ್ತಾರೆ.

"ಕಣ್ಣು ಹೆಂಗೈತೆ ಸಾರ್?"

"ಚೆನ್ನಾಗೈತಂತೆ, ಡಾಕ್ಟ್ರು ಹೇಳ್ತಾರೆ. ನನಗಿನ್ನೂ ತೋರ್ಸಿಲ್ಲ. ಓದು."

ಪ್ರಿಯಾಂಕಾ ಟಿಪ್ಪಣಿಗಳನ್ನು ಓದುತ್ತಾರೆ. ಮೇಷ್ಟ್ರು ತಲೆ ಆಡಿಸುತ್ತಾ ಕೇಳುತ್ತಾರೆ, ನಡುವೆ, "ಇದು ನಂದಲ್ಲ, ನೀನು ಸೇರ್ಸಿದ್ದು, ಇರ್ಲಿ, ಚೆನ್ನಾಗಿದೆ" ಎನ್ನುತ್ತಾರೆ. ಮೂರು ಪುಟ ಆದ ಮೇಲೆ ಪ್ರಿಯಾಂಕಾ ಓದುವುದನ್ನು ನಿಲ್ಲಿಸಿ ಗಗನಾಳ ವಿಷಯ ಹೇಳುತ್ತಾರೆ. ತಂಡದ ಸಭೆಯಲ್ಲಿ ‘ಒಬ್ಬ ವಿದ್ಯಾರ್ಥಿನಿಗೆ ಗೊಂದಲವಾಯಿತು’ ಎಂದಷ್ಟೇ ಹೇಳಿದ್ದರು. ಈಗ ಹುಡುಗಿ ಕೇಳಿದ ಎರಡು ಪ್ರಶ್ನೆಗಳನ್ನು ಅವಳ ಮಾತಿನಲ್ಲೇ ಹೇಳುತ್ತಾರೆ.

ಒಳಗಿನಿಂದ ಧನಪಾಲ್ ಅವರ ಮನೆಯವರು ಬಂದು ಕಣ್ಣಿಗೆ ಔಷಧಿ ಹಾಕಿ ಹೋಗುತ್ತಾರೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಮಾತು ಶುರು ಮಾಡುತ್ತಾರೆ.

"ಆವರ್ತ ನನ್ನ ಪದ ಅಲ್ಲ ಕಣಮ್ಮ. ತೀರ್ಥಪ್ಪಂದು."

ತೀರ್ಥಪ್ಪ, ಧನಪಾಲ್ ಅವರ ಜೊತೆಯ ಮೇಷ್ಟ್ರು, ಲಕ್ಕವಳ್ಳಿಯವರು, ಭದ್ರಾ ಅಣೆಕಟ್ಟಿನ ನೌಕರರೊಬ್ಬರ ಮಗ. ಸಂಜೆ ಕಾಲೇಜು ಬಿಟ್ಟ ಮೇಲೆ ಇಬ್ಬರೂ ಲ್ಯಾಬಿನಲ್ಲಿ ಕೂತು ಬುಗುರಿಯ ಮೊದಲ ಸಾಲುಗಳನ್ನು ಬರೆದರು. ತೂಬಿನಿಂದ ಬಿಟ್ಟ ನೀರು ಕೆಳಗೆ ಗಿರ್ರನೆ ತಿರುಗುವುದನ್ನು ನೋಡುತ್ತಾ ಬೆಳೆದ ಮನುಷ್ಯ ಮತ್ತೆ ಮತ್ತೆ ನಡೆಯುವ ಕೆಲಸಕ್ಕೆ ಸುಳಿ ಎಂಬರ್ಥದ ಆ ಹೆಸರಿಟ್ಟರು. ನಾಲ್ಕಾರು ಪದ ಕೊಟ್ಟಿದ್ದರು, ಒಂದೊಂದೇ ಬದಲಾಗುತ್ತಾ ಬಂದವು. ಕೊರೋನಾದ ಎರಡನೇ ಸಲದ ಹೊಡೆತದಲ್ಲಿ ತೀರ್ಥಪ್ಪ ಹೋದರು.

"ಅವನದು ಅಂತ ಬುಗುರಿ ಒಳಗೆ ಉಳ್ದಿರೋದು ಅದೊಂದೇ" ಎನ್ನುತ್ತಾರೆ ಧನಪಾಲ್. "ಅವನು ನನಗೆ ಮಾಡಿದ್ದಕ್ಕೆ ನಾನೇನೂ ತಿರುಗಿ ಮಾಡ್ಲಿಲ್ಲ. ಇದೊಂದನ್ನ ಕಾಯೋಣ ಅಂತ."

ಪ್ರಿಯಾಂಕಾ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು ಕೂತಿದ್ದಾರೆ. ಬಸ್ಸಿನಲ್ಲಿ ಬರುವಾಗ ಹೇಳಬೇಕೆಂದುಕೊಂಡಿದ್ದು ಬೇರೆ ಏನೋ. ಈಗ ಬಾಯಿಗೆ ಬರುವುದು ಇಷ್ಟೇ:

"ಸಾರ್, ನಾನು ಬದಲಾಯಿಸ್ತೀನಿ. ನೀವು ಬ್ಯಾಡ ಅಂದ್ರೂ ಬದಲಾಯಿಸ್ತೀನಿ. ಅದನ್ನ ನಿಮ್ಮ ಮುಂದೆ ಕೂತು ಹೇಳ್ಬೇಕು ಅಂತ ಬಂದೆ. ಮುಯ್ಯಿ ತೀರ್ಲಿಲ್ಲ ಅಂದ್ಕೊಳ್ಳಿ."

"ಅಂದ್ಕೊಳ್ಳೋದೇನು? ತೀರ್ಲಿಲ್ಲ" ಎನ್ನುತ್ತಾರೆ ಮೇಷ್ಟ್ರು. ದನಿಯಲ್ಲಿ ಕೋಪವಿಲ್ಲ, ಸಲಿಗೆಯೂ ಇಲ್ಲ. "ನನ್ನ ಹೊಲಕ್ಕೆ ಬಂದು ನಿನ್ನಿಷ್ಟದಂಗೆ ಕುಯ್ದ್ರೆ ಅದು ಮುಯ್ಯಿ ಆಗಲ್ಲ. ನಮ್ಮಪ್ಪನೂ ಗದ್ದೆ ಮಾಡಿದೋರೇ."

"ಗೊತ್ತು ಸಾರ್."

"ಗೊತ್ತಿದ್ರೆ ಸರಿ. ಇಲ್ಲೇ ಕೂತು ಮಾಡು. ಒಂದೊಂದೂ ನನಗೆ ಕೇಳಿಸ್ಬೇಕು."

ಊಟದ ಹೊತ್ತು ಮೀರುವವರೆಗೂ ಜಗುಲಿಯಲ್ಲಿ ಕೆಲಸ ನಡೆಯುತ್ತದೆ. ಪ್ರಿಯಾಂಕಾ ಹಳೆಯ ಸಾಲು ಓದುತ್ತಾರೆ, ಬದಲಾಯಿಸಿ ಹೊಸ ಸಾಲು ಓದುತ್ತಾರೆ. ಮೇಷ್ಟ್ರು ಪ್ರತಿ ಸಲ "ಹೂಂ" ಎನ್ನುತ್ತಾರೆ. ಒಂದೆರಡು ಕಡೆ ಅವರೇ ತಡೆದು, "ಅಲ್ಲಿ ಪದ ಒಂದೇ ಬದಲಾಯ್ಸಿದ್ರೆ ವಾಕ್ಯ ಕುಂಟುತ್ತೆ, ಪೂರಾ ತಿರುಗ್ಸಿ ಬರಿ" ಎನ್ನುತ್ತಾರೆ. ಹೇಳಿದ ವಾಕ್ಯ ಮೊದಲಿನದಕ್ಕಿಂತ ತಿಳಿಯಾಗಿರುತ್ತದೆ. ಇನ್ನು ಒಂದೇ ಪುಟ ಉಳಿದಿದೆ ಎನ್ನುವಾಗ ಪ್ರಿಯಾಂಕಾ ತಡೆಯಲಾರದೆ ಕೇಳುತ್ತಾರೆ. "ಸಾರ್, ಕಡೇಲಿ ಪದಗಳ ಅರ್ಥ ಕೊಡ್ತೀವಲ್ಲ, ಅಲ್ಲಿ ಆವರ್ತ ಅಂತ ಹಾಕಿ ತೀರ್ಥಪ್ಪ ಮೇಷ್ಟ್ರ ಹೆಸರು ಬರೀಲಾ?"

ಧನಪಾಲ್ ಯೋಚಿಸುತ್ತಾರೆ. ಅವರಿಗೆ ಆಸೆಯಿರುವುದು ಮುಖದಲ್ಲಿ ಕಾಣುತ್ತದೆ.

"ಬೇಡ ಕಣಮ್ಮ. ಅಲ್ಲೊಂದು ಇಟ್ರೆ ಮತ್ತೆ ಯಾವ್ದೋ ಹುಡುಗಿ ಅದನ್ನ ಹುಡುಕ್ಕೊಂಡು ಹೊರಡ್ತಾಳೆ. ತೀರ್ಥಪ್ಪನೂ ಮೇಷ್ಟ್ರೇ. ಮಕ್ಕಳು ಬಿಟ್ಟು ಹೋಗೋದು ಅವನಿಗೂ ಆಗ್ತಿರ್ಲಿಲ್ಲ."

ಕಡೆಯ ಪುಟವನ್ನು ಪ್ರಿಯಾಂಕಾ ಸ್ವಲ್ಪ ನಿಧಾನವಾಗಿಯೇ ಓದುತ್ತಾರೆ. ಆಮೇಲೆ ಅಲ್ಲಿಂದಲೇ ಎಲ್ಲವನ್ನೂ ಕಳಿಸುತ್ತಾರೆ, ಗಡುವಿಗೆ ಇನ್ನೂ ಎರಡು ದಿನ ಇರುವಾಗಲೇ. ಮೇಷ್ಟ್ರ ಮನೆಯವರು ಬಡಿಸಿದ ಅನ್ನ ಸಾರು ಉಂಡು ಹೊರಡುವಾಗ ಧನಪಾಲ್ ಜಗುಲಿಯ ಕಂಬ ಹಿಡಿದು ಎದ್ದು ನಿಲ್ಲುತ್ತಾರೆ. "ನಿನ್ನದೊಂದು ಆಳು ನನಗೆ ಬಾಕಿ. ಮರೀಬೇಡ" ಎನ್ನುತ್ತಾರೆ.

ಬಸ್ಸು ಇಳಿದು ಮನೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿದೆ. ಹೋದ ವಾರ ಕೊಯ್ದ ರಾಗಿಯ ಕಟ್ಟುಗಳನ್ನು ಶಶಿಧರ ಆಟೊದಿಂದ ಇಳಿಸುತ್ತಿದ್ದಾರೆ, ಯಲ್ಲಮ್ಮ ಮೆದೆ ಒಟ್ಟುತ್ತಿದ್ದಾರೆ. ಪ್ರಿಯಾಂಕಾ ಚೀಲವನ್ನು ಒಳಗಿಟ್ಟು, ಸೆರಗು ಸಿಕ್ಕಿಸಿ, ಕಟ್ಟುಗಳನ್ನು ಎತ್ತಿ ಕೊಡಲು ನಿಲ್ಲುತ್ತಾರೆ. ಸೊಸೆ ಬೆಳಿಗ್ಗೆ ಎದ್ದು ಯಾರ ಮುಯ್ಯಿಗೆ ಹೋದಳು ಎನ್ನುವುದನ್ನು ಯಲ್ಲಮ್ಮ ಮಗನಿಂದ ತಿಳಿದುಕೊಂಡಿದ್ದಾರೆ.

"ತೀರ್ಸ್‌ಬಿಟ್ಯೇನೇ ಮೇಷ್ಟ್ರ ಮುಯ್ಯಾಳ?"

"ಇಲ್ಲ ಅತ್ತೆ. ಹಂಗೇ ಐತೆ."

"ಮತ್ತೆ ಬೆಳಗಿಂದ ಸಂಜೆ ಗಂಟ ಅಲ್ಲೇನ್ ಮಾಡ್ದೆ?"

ಪ್ರಿಯಾಂಕಾ ಇನ್ನೊಂದು ಕಟ್ಟು ಎತ್ತಿ ಅತ್ತೆಯ ಕೈಗೆ ಕೊಡುತ್ತಾರೆ.

"ನಮ್ಮ ಹೊಲಾನೇ ಕುಯ್ಕೊಂಡು ಬಂದೆ. ಮೇಷ್ಟ್ರೇ ಕೈ ಹಾಕಿದ್ರು. ಈಗ ನಾನೇ ಅವರಿಗೆ ಒಂದಲ್ಲ, ಎರಡು ಆಳು ಬಾಕಿ."